ಹಿಂದಿನ ಸೀಟಿನ ಪೆಡಲ್ಲು

ನನಗೊಂದು ಚಟ ಅಂಟಿಕೊಂಡಿದೆ. ಚಟ ಎಂದ ಕೂಡಲೇ ನೀವು ಎಲೆಯಡಿಕೆ, ತಂಬಾಕು ಎಂದು ಊಹಿಸಬೇಡಿ. ಅವು ನನಗಿಲ್ಲ, ಇಲ್ಲವೆಂಬ ಜಂಬ ಮಾತ್ರ ಇದೆ. ನನ್ನದು ಬಾಯಿಯ ಚಟ. ಮೋಟರ್ ಸೈಕಲ್ಲಿನ ಮೇಲೆ ಒಬ್ಬನೇ ಹೋಗುತ್ತಿರುವಾಗ ರಸ್ತೆಯಲ್ಲಿ ಉಬ್ಬು ಬಂದರೆ "ಹಂಪ್" ಎನ್ನುತ್ತೇನೆ. ಗುಂಡಿ ಬಂದರೆ "ತೆಗ್ಗು" ಎನ್ನುತ್ತೇನೆ. ಎಡಕ್ಕೆ ಹೊರಳುವ ಮೊದಲು "ಎಡಕ" ಎನ್ನುತ್ತೇನೆ. ಮೆಲ್ಲಗಲ್ಲ, ಹಿಂದೆ ಕೂತವರಿಗೆ ಕೇಳಿಸುವಷ್ಟು ಜೋರಾಗಿ. ಹಿಂದೆ ಯಾರೂ ಇರುವುದಿಲ್ಲ. ಮೊನ್ನೆ ಸಂತೆಯ ಹತ್ತಿರ "ಎಮ್ಮಿ" ಎಂದು ಕೂಗಿದೆ. ಮುಂದೆ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ತಿರುಗಿ ನಿಂತಳು. ಎಮ್ಮೆ ಖಂಡಿತ ಇತ್ತು. ಆದರೆ ಆಕೆಯ ಆಚೆ ಇತ್ತು. ಅದನ್ನು ಆಕೆಗೆ ತಿಳಿಸಿ ಹೇಳುವಷ್ಟು ಧೈರ್ಯ ಸಾಲದೆ ಗಾಡಿ ಓಡಿಸಿಬಿಟ್ಟೆ.

"ರಸ್ತೇದಾಗ ಇರೋದನ್ನೆಲ್ಲಾ ಯಾರಿಗೆ ಹೇಳ್ಕೋತ ಬರ್ತೀರಿ?" ಎಂದು ನನ್ನ ಹೆಂಡತಿ ಒಂದು ದಿನ ನಗುತ್ತಾ ಕೇಳಿದಳು. ಕೇಳಿದವಳೇ ನಾಲಿಗೆ ಕಚ್ಚಿಕೊಂಡು ಒಳಗೆ ಹೋದಳು. ಯಾರಿಗೆ ಎಂಬುದು ಆಕೆಗೆ ಗೊತ್ತು. ನಿಮಗೆ ಹೇಳಬೇಕು.

ರಾಣೆಬೆನ್ನೂರಿನಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. ಗೇಟು, ಕಿಟಕಿ, ಕೂರಿಗೆ, ಟ್ರೇಲರಿನ ಹಿಂಬಾಗಿಲು, ಯಾವುದು ತಂದರೂ ಇಲ್ಲವೆನ್ನುವುದಿಲ್ಲ. ಓದಿದ್ದು ಏಳನೆಯ ಇಯತ್ತೆ, ಅದೂ ಪೂರ್ತಿಯಲ್ಲ. ಭಾಗಾಕಾರದಲ್ಲಿ ಶೇಷ ಉಳಿಯುವುದು ನನಗೆ ಸರಿಬರಲಿಲ್ಲ. ಸರಿಯಾಗಿ ಅಳತೆ ಮಾಡಿ ಕತ್ತರಿಸಿದರೆ ತುಂಡು ಯಾಕೆ ಉಳಿಯಬೇಕು ಎಂದು ಕೇಳಿದೆ. ಮಾಸ್ತರರು ಛಡಿಯಿಂದ ಉತ್ತರ ಕೊಟ್ಟರು. ಮರುದಿನದಿಂದ ನಾನು ಸಾಲೆಯ ಕಡೆ ಹೋಗಲಿಲ್ಲ, ಅವರೂ ಕರೆಯಲು ಬರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾನು ಕೂಡಿಸಿದ ಗೇಟು ಗೋಡೆಗಿಂತ ಮೊದಲು ಬಿದ್ದದ್ದು ಇವತ್ತಿನವರೆಗೆ ಇಲ್ಲ.

ಸಾಲೆಯಲ್ಲಿ ಕಲಿಯದ್ದನ್ನು ನನಗೆ ಕಲಿಸಿದವನು ಬಸಣ್ಣ. ನನಗಿಂತ ಮೂರು ವರ್ಷ ದೊಡ್ಡವನು, ಸ್ವಾತಂತ್ರ್ಯ ಹೋರಾಟಕ್ಕೆ ಹೆಸರಾದ ಮೋಟೆಬೆನ್ನೂರಿನವನು. ಸ್ಟೇಷನ್ ರಸ್ತೆಯಲ್ಲಿ ಅವನ ಸೈಕಲ್ ಅಂಗಡಿ ಇತ್ತು. ಬಾಡಿಗೆ ಸೈಕಲ್ಲುಗಳ ಕಾಲ ಅದು. ಓರೆಯಾದ ಗಾಲಿಯನ್ನು ಎಲ್ಲರೂ ಕಣ್ಣಿನಿಂದ ನೋಡಿ ಸರಿಮಾಡಿದರೆ ಬಸಣ್ಣ ಕಿವಿಯಿಂದ ಕೇಳಿ ಸರಿಮಾಡುತ್ತಿದ್ದ. ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟಿ, "ಇದು ಸಡ್ಲ ಐತಿ, ಇದು ಬಿಗಿ ಐತಿ" ಎನ್ನುತ್ತಿದ್ದ. ನಾನು ಮೀಟಿದರೆ ಎಲ್ಲ ಕಡ್ಡಿಗಳೂ ಒಂದೇ ಥರ ಟಿಣ್ ಎನ್ನುತ್ತಿದ್ದವು.

"ನಿಂದು ಕಿವಿ ಅಲ್ಲಲೇ ಮಲ್ಯಾ, ಬರೇ ತೂತು" ಎಂದು ಬೈಯುತ್ತಿದ್ದ. ಬೈದರೂ ನಾಲ್ಕು ವರ್ಷ ಬಿಡದೆ ಕಲಿಸಿದ.

ಅವನ ಹಟವನ್ನೂ ಹೇಳಬೇಕು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಒಮ್ಮೆ ಇಬ್ಬರೂ ಒಂದೇ ಸೈಕಲ್ಲಿನ ಮೇಲೆ ಬ್ಯಾಡಗಿಗೆ ಹೋಗಿದ್ದೆವು. ಮಾರ್ಕೆಟ್ಟಿನ ಹತ್ತಿರ ಹೋದವರಿಗೆ ಆ ಗಾಳಿ ಗೊತ್ತು. ಕ್ಯಾರಿಯರಿನ ಮೇಲೆ ಕೂತ ನಾನು ಸೀನಿದೆ, ತುಳಿಯುತ್ತಿದ್ದ ಅವನು ಸೀನಿದ, ಇಬ್ಬರೂ ಕೂಡಿ ಸೀನುವಾಗ ಸೈಕಲ್ಲು ಚೀಲದ ರಾಶಿಯ ಒಳಗೆ ಹೋಗಿತ್ತು. ಅಡತಿ ಅಂಗಡಿಯವರು ಓಡಿ ಬಂದು, ಇನ್ನು ಇಳಿದು ನಡಕೊಂಡು ಹೋಗಿ ಎಂದರು. ಬಸಣ್ಣ ಮೂಗು ಒರೆಸಿಕೊಂಡು, "ನಮ್ಮೂರಾಗ ಬ್ರಿಟಿಷರ ಮಾತ ಕೇಳಲಿಲ್ಲರಿ, ನಿಮ್ಮ ಮಾತು ಕೇಳ್ತೀನೇನು?" ಎಂದು ಮತ್ತೆ ಸೈಕಲ್ ಹತ್ತಿದ. ಮತ್ತೆ ಸೀನಿದ. ಮತ್ತೆ ಬಿದ್ದೆವು.

ಅಂಥವನಿಗೆ ಸಕ್ಕರೆ ರೋಗ ಬಂದಿತು. ಅದು ಮೊದಲು ಅವನ ಕಣ್ಣಿಗೆ ಬಾಯಿ ಹಾಕಿತು. ಎರಡು ವರ್ಷದಲ್ಲಿ ಬೆಳಕು ಪೂರ್ತಿ ಹೋಯಿತು. ಅಂಗಡಿಯ ಬಾಗಿಲು ಹಾಕಿದ ದಿನ ಮನೆಯೊಳಗೆ ಹೋದವನು ಹೊಸ್ತಿಲು ದಾಟುವುದನ್ನು ಬಿಟ್ಟ. ನಾನು ಹೋದಾಗ ಮೊದಮೊದಲು "ಶೆಡ್ಡಿನಾಗ ಏನ್ ಕೆಲಸ ನಡದೈತಿ?" ಎಂದು ಕೇಳುತ್ತಿದ್ದ. ಆಮೇಲೆ ಕೇಳುವುದನ್ನೂ ಬಿಟ್ಟ. ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಅವನ ಹೆಂಡತಿ ಗಿರಿಜಾ ವೈನಿ ಚಹಾ ತಂದಿಟ್ಟು, "ಒಂದೀಟು ಹೊರಗರೆ ಕರ್ಕೊಂಡು ಹೋಗ್ರಿ ಮಲ್ಲಣ್ಣಾ" ಎಂದು ಕಣ್ಣಿನಲ್ಲೇ ಹೇಳುತ್ತಿದ್ದರು. ನಾನು ಕರೆದರೆ ಅವನದು ಒಂದೇ ಮಾತು: "ಕೈ ಹಿಡಿಸ್ಕೊಂಡು ಅಡ್ಡಾಡಾಕ ನಾ ಏನ್ ಮದಿಮಗಳೇನಲೇ?"

ಇಂಥ ಹೊತ್ತಿನಲ್ಲಿ ಪಾಟೀಲ ಸಾಹೇಬರು ನನ್ನ ಶೆಡ್ಡಿಗೆ ಬಂದರು. ಬೀಜದ ಕಂಪನಿಯೊಂದರಲ್ಲಿ ಅಧಿಕಾರಿ. ಭಾನುವಾರ ಬೆಳಿಗ್ಗೆ ಬಿಗಿ ಚಡ್ಡಿ ತೊಟ್ಟು, ತಲೆಗೆ ಬುಟ್ಟಿಯಂಥದನ್ನು ಕಟ್ಟಿಕೊಂಡು ಸೈಕಲ್ ತುಳಿಯುವವರ ಗುಂಪಿಗೆ ಅವರೇ ಮುಂದಾಳು. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಎರಡು ಸೀಟು, ನಾಲ್ಕು ಪೆಡಲ್ಲು, ಎರಡೇ ಗಾಲಿಯ ಉದ್ದ ಸೈಕಲ್ಲು.

"ಮಿಸ್ತ್ರಿ, ಇಂಥಾವು ಮೂರು ಬೇಕು. ಕಣ್ಣು ಕಾಣದವರನ್ನ ಹಿಂದ ಕೂಡಿಸ್ಕೊಂಡು ಒಂದು ದಿನ ಮೇಡ್ಲೇರಿ ಹೊಳೀತನಕ ಹೋಗಿ ಬರೋದು. ಆಗ್ತದೇನು?"

"ಚಿತ್ರ ಇನ್ನೊಮ್ಮೆ ತೋರಸ್ರಿ" ಎಂದೆ. ಆಗುತ್ತದೋ ಇಲ್ಲವೋ ಎಂದು ನೋಡುವುದಕ್ಕಲ್ಲ. ಮುಂದಿನ ಚೈನು ಯಾವ ಕಡೆ ಹಾಯ್ದಿದೆ ಎಂದು ನೋಡುವುದಕ್ಕೆ. ಆರು ಹಳೆಯ ಸೈಕಲ್ಲು ಕತ್ತರಿಸಿ ಮೂರು ಮಾಡಿದೆ. ಸಾಹೇಬರಿಗೆ ಒಂದೇ ಶರತ್ತು ಹಾಕಿದೆ: ಒಂದರ ಮುಂದಿನ ಸೀಟು ನನ್ನದು, ಹಿಂದಿನ ಸೀಟು ಬಸಣ್ಣನದು.

ಬಸಣ್ಣ ಒಪ್ಪುತ್ತಾನೆಂದು ನನಗೆ ನಂಬಿಕೆಯಿರಲಿಲ್ಲ. ಆದರೆ ಸೈಕಲ್ಲನ್ನೇ ಅವನ ಬಾಗಿಲಿಗೆ ಒಯ್ದು ನಿಲ್ಲಿಸಿದಾಗ ಅವನ ಕೈ ತಡೆಯಲಿಲ್ಲ. ಹೊಸ್ತಿಲಲ್ಲಿ ಕೂತು ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ತಡವಿದ. ವೆಲ್ಡಿಂಗಿನ ಮೇಲೆ ಬೆರಳಾಡಿಸಿ, "ಉಬ್ಬು ಉಳದೈತಿ, ಸರಿಯಾಗಿ ಉಜ್ಜಿಲ್ಲ" ಎಂದ. ಎರಡು ವರ್ಷದ ಮೇಲೆ ಬೈದಿದ್ದ. ನನಗೆ ಆ ಬೈಗುಳ ಹೋಳಿಗೆ ಉಂಡಷ್ಟು ಹಿತವಾಯಿತು.

ಗಿರಿಜಾ ವೈನಿ ನನ್ನನ್ನು ಓಣಿಯ ತಿರುವಿನವರೆಗೆ ಕಳಿಸಲು ಬಂದರು. "ಮಲ್ಲಣ್ಣಾ, ಅವರ ಪಾದ ಎರಡೂ ಜೋಮು ಹಿಡದಾವ್ರಿ. ಮುಳ್ಳು ಚುಚ್ಚಿದ್ರೂ ಗೊತ್ತಾಗಂಗಿಲ್ಲ. ಸಣ್ಣ ಗಾಯ ಆದ್ರೂ ಕಾಲಿಗೇ ಕುತ್ತು ಅಂತ ಡಾಕ್ಟರು ಹೇಳ್ಯಾರ. ಕುಂದ್ರಲಿ, ಗಾಳಿ ತಗೊಳ್ಲಿ. ಕಾಲಿನ ಮ್ಯಾಲ ಮಾತ್ರ ಜೋರು ಬೀಳಬಾರ್ದು. ಮಾತು ಕೊಡ್ರಿ."

ಕೊಟ್ಟೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ನನಗೆ ಗೊತ್ತಿರುವ ದಾರಿ ಕಬ್ಬಿಣದ್ದು. ಸೈಕಲ್ಲಿನ ಫ್ರೀವೀಲ್ ನೀವು ಕಂಡಿದ್ದೀರಿ: ಮುಂದಕ್ಕೆ ತುಳಿದರೆ ಕಚ್ಚಿ ಗಾಲಿಯನ್ನು ತಿರುಗಿಸುತ್ತದೆ, ತುಳಿಯುವುದನ್ನು ಬಿಟ್ಟರೆ ಕಟಕಟ ಸದ್ದು ಮಾಡುತ್ತಾ ಬಿಟ್ಟುಕೊಳ್ಳುತ್ತದೆ. ಅಂಥದೊಂದನ್ನು ಬಸಣ್ಣನ ಪೆಡಲಿನ ಬುಡದಲ್ಲಿ ಉಲ್ಟಾ ಕೂಡಿಸಿದೆ. ಮುಂದೆ ನಾನು ತುಳಿದರೆ ಅವನ ಪೆಡಲೂ ತಿರುಗುತ್ತದೆ. ಮೇಲಿಟ್ಟ ಅವನ ಕಾಲು ಸುಮ್ಮನೆ ಏರಿ ಇಳಿಯುತ್ತದೆ. ಅವನು ಎಷ್ಟು ಒತ್ತಿ ತುಳಿದರೂ ಆ ಜೋರು ಗಾಲಿಗೆ ಮುಟ್ಟುವುದಿಲ್ಲ, ಕಾಲಿಗೂ ಮರಳುವುದಿಲ್ಲ. ಕೆಲಸ ಮುಗಿಸಿ ನೋಡಿ, ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಮೇಲೆ ಒಂದು ತಗಡಿನ ಮುಚ್ಚಳವನ್ನೂ ಹಾಕಿದೆ.

ಒಂದು ತಿಂಗಳು ಸಂಜೆ ಸಂಜೆ ಬಯಲಿನಲ್ಲಿ ರೂಢಿ ಮಾಡಿದೆವು. ಸಮ ನೆಲ, ನಿಧಾನದ ಸವಾರಿ. ಬಿದ್ದೇನೆಂಬ ಅಂಜಿಕೆಯಲ್ಲಿ ಬಸಣ್ಣ ಪೆಡಲಿನ ಮೇಲೆ ಕಾಲನ್ನು ಇಟ್ಟಿರುತ್ತಿದ್ದನೇ ಹೊರತು ಒತ್ತುತ್ತಿರಲಿಲ್ಲ. ನಾನು ಮುಂದೆ ಕೂತು ಹಂಪ್, ತೆಗ್ಗು, ಎಡಕ, ಬಲಕ ಎಂದು ಹೇಳುತ್ತಿದ್ದೆ. ಹದಿನೈದು ದಿನವಾದ ಮೇಲೆ, "ನಾನೂ ತುಳಿಯಾಕತ್ತೇನಲೇ ಮಲ್ಯಾ, ಗೊತ್ತಾಗಾಕತ್ತೈತೇನು?" ಎಂದು ಕೇಳಿದ.

"ಗೊತ್ತಾಗದೆ ಏನು? ಅರ್ಧ ಹಗುರಾಗೈತಿ" ಎಂದೆ.

ಅವನು ನಕ್ಕ. ನಾನು ಮುಂದೆ ನೋಡುತ್ತಾ ತುಳಿದೆ, ಇಬ್ಬರ ಭಾರವನ್ನೂ.

ಸವಾರಿಗೆ ಗೊತ್ತುಮಾಡಿದ ಭಾನುವಾರ ಬೆಳಿಗ್ಗೆ ಮೂರೂ ಸೈಕಲ್ಲು ಹೊರಟವು. ಮುಂದೆ ಪಾಟೀಲ ಸಾಹೇಬರು, ಅವರ ಹಿಂದೆ ರೇಣುಕಾ ಎಂಬ ಕಾಲೇಜಿನ ಹುಡುಗಿ. ಹುಟ್ಟಿದಾಗಿನಿಂದ ಕಣ್ಣಿಲ್ಲ, ಆದರೆ ಬಾಯಿಗೆ ಬಿಡುವಿಲ್ಲ. ನಡುವೆ ಇಬ್ಬರು ಮಾಸ್ತರರು, ಒಬ್ಬರಿಗೆ ಕಣ್ಣುಂಟು, ಒಬ್ಬರಿಗಿಲ್ಲ. ಕೊನೆಗೆ ನಾವು. ನಮ್ಮ ಹಿಂದೆ ನೀರಿನ ಕ್ಯಾನು, ಉಪ್ಪಿಟ್ಟಿನ ಪಾತ್ರೆ ಹೊತ್ತ ಗೂಡ್ಸ್ ಆಟೊ.

ಊರು ದಾಟಿದ ಮೇಲೆ ಗದ್ದಲವೆಲ್ಲ ಹಿಂದೆ ಬಿತ್ತು. ಮೋಡ ಕವಿದಿತ್ತು, ಆದರೆ ಮಳೆಯ ಮೋಡವಲ್ಲ; ಸುಮ್ಮನೆ ಆಕಾಶವನ್ನು ಮುಚ್ಚಿಕೊಂಡು ಕೂತ ಮೋಡ. ಎರಡೂ ಕಡೆ ಗೋವಿನಜೋಳ ಎದೆಯೆತ್ತರ ನಿಂತಿತ್ತು. ಹತ್ತಿಯ ಬೀಜದ ಹೊಲಗಳಲ್ಲಿ ಹೆಣ್ಣುಮಕ್ಕಳು ಸಾಲಿನೊಳಗೆ ಬಗ್ಗಿ ಹೂವಿಗೆ ಹೂವು ಮುಟ್ಟಿಸಿ ಪರಾಗ ಹಚ್ಚುತ್ತಿದ್ದರು. ಆ ಕೆಲಸದಲ್ಲಿ ಮಾತು ಕಡಿಮೆ. ನಮ್ಮ ಚೈನಿನ ಸದ್ದಿಗೆ ಒಬ್ಬಳು ತಲೆಯೆತ್ತಿ ನೋಡಿ, "ಅಯ್ಯ, ಒಂದು ಸೈಕಲ್ಲಿಗೆ ಇಬ್ರು ತುಳೀತಾರಲ್ಲೇ!" ಎಂದಳು.

"ಒಬ್ಬಾಂವ ಸೋಮಾರಿ ಅದಾನಬೇ, ಮುಂದಿನಾಂವ" ಎಂದು ಬಸಣ್ಣ ಹಿಂದಿನಿಂದ ಕೂಗಿದ. ಸಾಲಿನಲ್ಲೆಲ್ಲ ನಗೆ ಹರಿಯಿತು. ನಾನೂ ನಕ್ಕೆ.

ಮೇಡ್ಲೇರಿ ಇನ್ನೂ ದೂರವಿರುವಾಗ ಒಂದು ಏರು ಬಂತು. ದೊಡ್ಡ ಏರಲ್ಲ. ಗಾಡಿಯಲ್ಲಿ ಹೋಗುವವರಿಗೆ ಅದು ಏರೆಂದೇ ತಿಳಿಯುವುದಿಲ್ಲ. ನನ್ನ ಉಸಿರು ಜೋರಾಯಿತು, ಸೈಕಲ್ಲು ಓಲಾಡತೊಡಗಿತು.

"ಏರೇನಲೇ?" ಎಂದ ಬಸಣ್ಣ.

"ಸಣ್ಣದೈತಿ. ನೀ ಆರಾಮ ಕುಂದರು."

"ನಾ ಯಾಕ ಆರಾಮ ಕುಂದರ್ಲಿ? ತಡಿ" ಎಂದವನೇ ಮೈಯ ಭಾರವನ್ನೆಲ್ಲ ಕಾಲಿಗೆ ತಂದು ಒತ್ತಿದ.

ಕಟ ಕಟ ಕಟ. ಅವನ ಪೆಡಲು ಗಾಳಿಯಲ್ಲಿ ಜಾರಿದಂತೆ ಮುಂದೆ ಹೋಯಿತು. ಇನ್ನೊಮ್ಮೆ ಒತ್ತಿದ. ಕಟ ಕಟ ಕಟ.

"ನಿಲ್ಲಿಸು" ಎಂದ.

ಮುಂದಿನ ಎರಡು ಸೈಕಲ್ಲೂ ಏರು ದಾಟಿ ಇಳಿದುಹೋದವು. ಆಟೊದವನಿಗೆ ಮುಂದೆ ಹೋಗೆಂದು ಕೈ ಮಾಡಿದೆ. ಬಸಣ್ಣ ಇಳಿದು ಮಂಡಿಯೂರಿ ಪೆಡಲಿನ ಬುಡಕ್ಕೆ ಕೈ ಹಾಕಿದ. ತಗಡಿನ ಮುಚ್ಚಳ ಅವನ ಉಗುರಿಗೆ ಎರಡು ಕ್ಷಣವೂ ತಡೆಯಲಿಲ್ಲ. ಬೆರಳ ತುದಿಯಲ್ಲಿ ಹಲ್ಲುಗಳನ್ನು ಮುಟ್ಟಿ, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗಿಸಿದ.

"ಉಲ್ಟಾ ಹಾಕೀದಿ."

ನನ್ನ ಆಯುಷ್ಯದಲ್ಲಿ ನಾನು ಹೇಳಲಾರದ ಮಾತೊಂದಿತ್ತು. ಅದನ್ನು ಅಲ್ಲಿ ಹೇಳಿದೆ. "ಅವಸರದಾಗ ತಪ್ಪಾಗೈತಿ, ಬಸಣ್ಣಾ. ನನ್ನ ಕೆಲಸ ಕೆಟ್ಟೈತಿ."

ಅವನು ಹಲ್ಲುಗಳನ್ನು ಇನ್ನೊಮ್ಮೆ ಸವರಿದ. ಆಮೇಲೆ ಮೆಲ್ಲಗೆ ಹೇಳಿದ: "ನನ್ನ ಕೈಯಾಗ ಕಲ್ತವ ನೀನು. ನಿನ್ನ ಕೈ ಇಂಥಾ ತಪ್ಪು ಮಾಡಂಗಿಲ್ಲ. ಗಿರಿಜಾ ಹೇಳಿದಳೇನು?"

ನಾನು ಬಿದ್ದಿದ್ದ ತಗಡಿನ ಮುಚ್ಚಳವನ್ನು ಎತ್ತಿಕೊಂಡೆ.

"ಬಯಲಾಗ ಅರ್ಧ ಹಗುರಾತು ಅಂದಿ. ಆವತ್ತ ರಾತ್ರಿ ನಾ ಅಕೀಗೆ ಹೇಳಿದೆ, ಇನ್ನೂ ನನ್ನ ಕಾಲಾಗ ಕಸುವೈತಿ ಅಂತ. ಅಕಿ ಹೂಂ ಅಂದ್ಲು. ಇಬ್ರೂ ಕೂಡಿ ನನ್ನ ಉಪ್ಪಿಟ್ಟಿನ ಪಾತ್ರೆ ಮಾಡೀರಲ್ಲೋ. ಒಬ್ಬಾಂವ ಹೊತ್ಕೊಂಡು ಹೋಗಬೇಕು, ಇನ್ನೊಬ್ಬಾಕಿ ಇಳಿಸ್ಕೋಬೇಕು." ಕೈಗೆ ಹತ್ತಿದ ಗ್ರೀಸನ್ನು ಹುಲ್ಲಿಗೆ ಒರೆಸಿದ. "ಚೀಲದಾಗ ಬೈಂಡಿಂಗ್ ತಂತಿ ಐತೇನು?"

ಇತ್ತು. ಫ್ರೀವೀಲ್ ಕೈಕೊಟ್ಟಾಗ ಹಲ್ಲುಚಕ್ರವನ್ನು ತಂತಿಯಿಂದ ಬಿಗಿದು ಊರು ಮುಟ್ಟುವುದು ಹಳೆಯ ಸೈಕಲ್ ಅಂಗಡಿಯವರ ಉಪಾಯ. ನಾನು ಕಟ್ಟಲು ಹೋದರೆ ಅವನು ಬಿಡಲಿಲ್ಲ. ಪೆಡಲಿನ ತೋಳನ್ನು ಹಲ್ಲುಚಕ್ರಕ್ಕೆ ತಾನೇ ಸುತ್ತು ಹಾಕಿ ಬಿಗಿದ. ನಾನು ಬರೀ ಇಕ್ಕಳ ಕೊಟ್ಟೆ. ಆ ಕೈಗಳು ಕೆಲಸ ಮಾಡುವುದನ್ನು ಕಂಡು ಎರಡು ವರ್ಷವಾಗಿತ್ತು. ತಂತಿಯ ತುದಿಯನ್ನು ಒಳಗೆ ಮಡಚಿ, ಎದ್ದು ನಿಂತು ಹೇಳಿದ: "ಇನ್ನ ಮುಂದ ನನ್ನ ಮುಂದ ಏನೂ ಮುಚ್ಚಿಡಬ್ಯಾಡ. ನನಗ ಕಾಣಂಗಿಲ್ಲ ಅಂತ ನೀನೂ ನನ್ನ ಕಣ್ಣಿಗೆ ಬಟ್ಟಿ ಕಟ್ಟಬ್ಯಾಡ. ಮಾತು ಕೊಡು."

ಕೊಟ್ಟೆ. ಒಂದೇ ಸೈಕಲ್ಲಿನ ಬಗ್ಗೆ ಎರಡು ಮಾತು ಕೊಟ್ಟಂತಾಯಿತು.

ಉಳಿದ ದಾರಿಯ ಬಗ್ಗೆ ಏನು ಹೇಳಲಿ? ಹಿಂದಿನಿಂದ ಯಾರೋ ದಬ್ಬಿದಂತೆ ಸೈಕಲ್ಲು ಹಾರಿತು. ಮೇಡ್ಲೇರಿಯ ನೀರಾವರಿ ಹೊಲಗಳು, ಕಾಲುವೆ, ಊರ ನಾಯಿಗಳು ಎಲ್ಲ ಹಿಂದೆ ಹೋದವು. ಹೊಳೆಯ ದಂಡೆಯಲ್ಲಿ ಉಳಿದವರು ಆಗಲೇ ಉಪ್ಪಿಟ್ಟಿಗೆ ಕೂತಿದ್ದರು. ತುಂಗಭದ್ರೆ ಬೂದಿ ಬಣ್ಣದ ನೀರು ಹೊತ್ತು, ಹರಿಯುತ್ತಿದೆಯೋ ನಿಂತಿದೆಯೋ ಎಂಬಂತೆ ಇತ್ತು.

"ಕಾಲು ನೀರಾಗ ಬಿಡತೀನಿ" ಎಂದು ಬಸಣ್ಣ ಕಲ್ಲಿನ ಮೇಲೆ ಕೂತ. ಸವಾರಿಗೆಂದು ವೈನಿ ತಂದುಕೊಟ್ಟ ಹೊಸ ಕ್ಯಾನ್ವಾಸ್ ಬೂಟು. ಬಲಗಾಲಿನದನ್ನು ಎಳೆದ. ಒಳಗಿನ ಬಿಳಿ ಕಾಲುಚೀಲ ಹೆಬ್ಬೆರಳಿನ ಕಡೆ ಕೆಂಪಾಗಿತ್ತು. ಅವನಿಗೆ ಕಾಣಿಸಲಿಲ್ಲ. ನೋವೂ ಇರಲಿಲ್ಲ. ನಗುತ್ತಾ ರೇಣುಕಾಗೆ ಏನೋ ಹೇಳುತ್ತಿದ್ದ.

ಅವನು ಕಾಲುಚೀಲ ಕಿತ್ತಾಗ ಗಾಯ ನೋಡಿದವನು ನಾನೊಬ್ಬನೇ.

ಹೇಳಬಾರದು ಎಂದುಕೊಂಡೆ. ಹೇಳಿದೆ. "ಬಸಣ್ಣಾ, ಹೆಬ್ಬೆಟ್ಟಿನ ಬುಡಕ ಚರ್ಮ ಸುಲದೈತಿ. ರಕ್ತ ಬಂದೈತಿ."

"ಎಷ್ಟೈತಿ?"

"ಹುಣಸಿಬೀಜದಷ್ಟು."

ಪಾಟೀಲ ಸಾಹೇಬರು ಓಡಿ ಬಂದು ಹತ್ತಿ, ಪಟ್ಟಿ ತೆಗೆದರು. "ಹೋಗೋವಾಗ ಆಟೋದಾಗ ಹೋಗ್ರಿ ಬಸಣ್ಣಾರ" ಎಂದರು.

"ಪಾತ್ರೆ ಜೋಡಿನಾ?" ಎಂದ ಬಸಣ್ಣ.

"ಅದರಾಗ ಉಪ್ಪಿಟ್ಟು ಇನ್ನೂ ಉಳದೈತಿ ಕಾಕಾ, ನಾನರ ಆಗಿದ್ರ ಹೋಗ್ತಿದ್ದೆ" ಎಂದಳು ರೇಣುಕಾ. ಎಲ್ಲರೂ ನಕ್ಕರು, ಬಸಣ್ಣನೂ ನಕ್ಕ. ನಕ್ಕು ಮುಗಿದ ಮೇಲೆ ನನ್ನ ಕಡೆ ಮುಖ ಮಾಡಿದ. "ಮಲ್ಯಾ, ನೀ ಕಂಡದ್ದು ಹೇಳಿದಿ, ಚಲೋ ಮಾಡಿದಿ. ಇನ್ನ ಕಾಲು ನಂದು. ತುಳಕೊಂಡಽ ಬರ್ತೀನಿ."

ಅವರೆಲ್ಲ ಹೊರಡುವ ತಯಾರಿಯಲ್ಲಿದ್ದಾಗ ನಾನು ಸೈಕಲ್ಲಿನ ಹತ್ತಿರ ಹೋದೆ. ಇಕ್ಕಳ ಜೇಬಿನಲ್ಲಿತ್ತು. ಆ ತಂತಿಯನ್ನು ಕತ್ತರಿಸಲು ಒಂದು ಒತ್ತು ಸಾಕಿತ್ತು. ಗಿರಿಜಾ ವೈನಿಗೆ ಕೊಟ್ಟ ಮಾತು ಉಳಿಯುತ್ತಿತ್ತು, ಕಾಲೂ ಉಳಿಯುತ್ತಿತ್ತೋ ಏನೋ. ಆದರೆ ಬಸಣ್ಣನಿಗೆ ಮೊದಲ ಏರಿನಲ್ಲೇ ಗೊತ್ತಾಗುತ್ತಿತ್ತು. ಇಕ್ಕಳದ ಬಾಯಿ ತೆರೆದು ತಂತಿಗೆ ಹಿಡಿದೆ. ಹಿಡಿದುಕೊಂಡೇ ಕೂತೆ. ಆಮೇಲೆ ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ಎದ್ದೆ.

ಮರಳುವಾಗ ಬಸಣ್ಣ ಒಂದು ಕ್ಷಣವೂ ಕಾಲು ಬಿಡಲಿಲ್ಲ. ಆ ದಾರಿಯುದ್ದಕ್ಕೂ ನನ್ನ ಕಾಲಿಗೆ ಭಾರವೇ ತಿಳಿಯಲಿಲ್ಲ. ನಾನು ಹಂಪ್ ಎನ್ನುತ್ತಿದ್ದೆ, ತೆಗ್ಗು ಎನ್ನುತ್ತಿದ್ದೆ. ಮನೆಯ ಮುಂದೆ ಇಳಿದಾಗ ಅವನ ಮುಖದಲ್ಲಿ ಮೊದಲಿನ ಅಂಗಡಿಯ ಕಳೆ ಇತ್ತು. "ಗಿರಿಜಾ, ಹೋಗೋವಾಗ ಅರ್ಧಾ, ಬರೋವಾಗ ಪೂರಾ, ನಾನಽ ತುಳದೇನಿ" ಎಂದ. ವೈನಿ ಪಟ್ಟಿ ಕಟ್ಟಿದ ಕಾಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಹುಣಸಿಬೀಜದಷ್ಟು ಗಾಯ ಮಾಯಲಿಲ್ಲ. ಹದಿನೈದು ದಿನದಲ್ಲಿ ಬೆರಳು ಕಪ್ಪಾಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊದಲು ಆ ಬೆರಳನ್ನು ತೆಗೆದರು. ಅಷ್ಟಕ್ಕೆ ನಿಲ್ಲಲಿಲ್ಲ. ಮತ್ತೆ ಒಳಗೆ ಒಯ್ದು ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಎರಡನೆಯ ಸಲ ಆಪರೇಷನ್ ಕೋಣೆಯ ಬಾಗಿಲು ಹಾಕಿದಾಗ ನಾನು, ವೈನಿ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು.

"ಎಲ್ಲಾ ನನ್ನಿಂದ ಆತು ವೈನಿ" ಎಂದೆ.

ಅವರು ಅಳಲಿಲ್ಲ, ಜೋರು ಮಾಡಲಿಲ್ಲ. "ಅವರು ಎಲ್ಲಾ ಹೇಳ್ಯಾರ್ರಿ. ಇಬ್ರಿಗೂ ಮಾತು ಕೊಟ್ಟಿದ್ರಿ ಮಲ್ಲಣ್ಣಾ. ಒಬ್ರದು ನಡಸಿದ್ರಿ" ಎಂದರು.

ಬಸಣ್ಣ ಆ ಒಂದು ದಿನ ಮನುಷ್ಯನಂತೆ ಬದುಕಿದ ಎಂದು ಹೇಳಬಹುದು. ಓದಿದವರು ಇದನ್ನು ಇನ್ನೂ ಚೆಂದವಾಗಿ ಹೇಳಿಯಾರು. ಆದರೆ ಅವನನ್ನು ದಿನಾ ಎತ್ತಿ ಕೂಡಿಸಿ, ತೊಳೆದು, ಉಣಿಸುವ ಹೆಂಗಸಿನ ಎದುರು ನಿಂತು ಅದನ್ನು ಹೇಳುವ ಬಾಯಿ ನನಗಿಲ್ಲ.

ಅವನನ್ನು ಮನೆಗೆ ಕರೆತಂದ ವಾರಕ್ಕೆ, ಒಂದು ಸಂಜೆ, ನೋಡಿ ಬರಲು ಹೋದೆ. ವೈನಿ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಆ ಮನೆಗೆ ನಾನು ಮೂವತ್ತು ವರ್ಷದಿಂದ ಹೋಗುತ್ತಿದ್ದೇನೆ; "ಬರ್ರಿ" ಎನ್ನದ ದಿನ ಒಂದೂ ಇರಲಿಲ್ಲ. ಅವತ್ತು ತಲೆಯೆತ್ತಿ ನೋಡಿದರು, ಅನ್ನಲಿಲ್ಲ. ಮೊರ ಮಾತ್ರ ನಿಂತಿತು.

ಒಳಗಿನಿಂದ ಬಸಣ್ಣನ ದನಿ ಬಂತು. "ಯಾರದು? ಮಲ್ಯಾನ ಚಪ್ಪಲಿ ಸಪ್ಪಳ ಇದ್ದಂಗೈತಲ್ಲ?"

ವೈನಿ ನನ್ನನ್ನೇ ನೋಡುತ್ತಾ ಹೇಳಿದರು: "ಯಾರೂ ಇಲ್ರಿ."

ಅವನು ಕಿವಿ ಕೊಟ್ಟು ಕೇಳುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. "ನಾನು, ಬಸಣ್ಣಾ" ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು.

"ಹಂಗಾರ ಅಂವ ಬಂದಾಗ ಎಬ್ಬಿಸು" ಎಂದ. "ಮಲಗಿದ್ರೂ ಎಬ್ಬಿಸು."

ವೈನಿಯ ಕಣ್ಣು ತುಂಬಿತ್ತು. ಆದರೂ ನನ್ನ ಮೇಲಿಂದ ಕದಲಲಿಲ್ಲ. ನಾನು ಬಗ್ಗಿ ಎರಡೂ ಚಪ್ಪಲಿಗಳನ್ನು ಕೈಯಲ್ಲಿ ತೆಗೆದುಕೊಂಡೆ. ಓಣಿ ಮುಗಿಯುವವರೆಗೆ ಬರಿಗಾಲಲ್ಲಿ, ಸಪ್ಪಳವಾಗದಂತೆ ನಡೆದು ಬಂದೆ.